ಮರಿ ತಿನ್ನಲ್ಲ ಅಂದರೆ: ನಾಯಿಮರಿಯ ಬಟ್ಟಲಿಗೆ ಎರಡು ಸಾವಿರ ವರ್ಷದ ಕಥೆ

"ನಮ್ಮ ಮರಿ ಮುದ್ದೆ ಮೂಸಿ ನೋಡೋದೂ ಇಲ್ಲ. ಪ್ಯಾಕೆಟ್ ಹರಿದ ಸದ್ದು ಕೇಳಿದ್ರೆ ಮಾತ್ರ ಓಡಿ ಬರುತ್ತೆ." ಈ ಮಾತು ಈಗ ಪೇಟೆಯಲ್ಲಷ್ಟೇ ಅಲ್ಲ, ಹಳ್ಳಿಯ ಜಗಲಿ ಮೇಲೂ ಕೇಳುತ್ತದೆ. ಹಿಂದೆ ನಾಯಿಗೆ ಏನು ಹಾಕಬೇಕು ಅನ್ನೋದು ಪ್ರಶ್ನೆಯೇ ಆಗಿರಲಿಲ್ಲ. ಮನೆಯವರು ಉಂಡು ಉಳಿದದ್ದೇ ಅದಕ್ಕೂ ಊಟ. ಈಗ ಕಿರಾಣಿ ಅಂಗಡಿಯಲ್ಲೂ ನಾಯಿ ಆಹಾರದ ಪ್ಯಾಕೆಟ್ ನೇತಾಡುತ್ತದೆ. ಯಾವುದು ಒಳ್ಳೆಯದು ಅಂತ ಮರಿಯ ಬಾಯನ್ನೇ ನಂಬಬಹುದೇ?

ಚರಿತ್ರೆ ನೋಡಿದರೆ, ಪೂರ್ತಿ ನಂಬಲಾಗದು. ಮರಿಗಳು ಹೊಟ್ಟೆ ತುಂಬ ತಿಂದೂ ಕಾಯಿಲೆ ಬಿದ್ದಿವೆ. ಹಾಗೆಯೇ, ತಿನ್ನಲ್ಲ ಅಂತ ಮುಖ ತಿರುಗಿಸಿದ ನಾಯಿಗಳಿಂದಲೇ ಮನುಷ್ಯರ ಒಂದು ದೊಡ್ಡ ರೋಗಕ್ಕೆ ಮದ್ದು ಸಿಕ್ಕಿದೆ.

ಧಾನ್ಯ ಅರಗಿಸಲು ಕಲಿತ ಪ್ರಾಣಿ

ನಾಯಿಯ ಮೂಲ ತೋಳ. ಹಾಗಾಗಿ "ನಾಯಿಗೆ ಮಾಂಸ ಮಾತ್ರ, ಅನ್ನ ರೊಟ್ಟಿ ಆಗಲ್ಲ" ಅಂತ ಕೆಲವರು ಹೇಳುತ್ತಾರೆ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ನಾಯಿ ಮತ್ತು ತೋಳದ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಧಾನ್ಯದಲ್ಲಿರುವ ಪಿಷ್ಟವನ್ನು ಅರಗಿಸುವ ಒಂದು ವಂಶವಾಹಿಯ ಪ್ರತಿಗಳು ತೋಳದಲ್ಲಿ 2 ಇದ್ದರೆ, ನಾಯಿಗಳಲ್ಲಿ 4ರಿಂದ 30ರವರೆಗೆ ಇದ್ದವು. ಬೇಸಾಯಗಾರರ ಮನೆ ಬಾಗಿಲಲ್ಲಿ ಬದುಕುತ್ತ ನಾಯಿಯ ಹೊಟ್ಟೆಯೇ ಬದಲಾಗಿದೆ.

ಎರಡು ಸಾವಿರ ವರ್ಷದ ಹಿಂದೆ ರೋಮ್ ದೇಶದಲ್ಲಿ ಬೇಸಾಯದ ಬಗ್ಗೆ ಪುಸ್ತಕ ಬರೆದವರು ನಾಯಿ ಸಾಕಣೆಯ ಬಗ್ಗೆಯೂ ಬರೆದಿದ್ದಾರೆ. ಕ್ರಿ.ಪೂ. 37ರ ಸುಮಾರಿಗೆ ವಾರೊ ಎಂಬಾತ, ಕುರಿ ಕಾಯುವ ನಾಯಿಗೆ ಬಾರ್ಲಿ ರೊಟ್ಟಿಯನ್ನು ಬರಿದಾಗಿ ಕೊಡಬೇಡಿ, ಹಾಲಲ್ಲಿ ನೆನೆಸಿ ಕೊಡಿ ಅಂದ. ಸತ್ತ ಕುರಿಯ ಮಾಂಸ ಹಾಕಬೇಡಿ, ಅದರ ರುಚಿ ಹತ್ತಿದರೆ ಮಂದೆಗೇ ಬಾಯಿ ಹಾಕೀತು ಅಂತಲೂ ಎಚ್ಚರಿಸಿದ. ಸುಮಾರು ನೂರು ವರ್ಷದ ನಂತರ ಕೊಲುಮೆಲ್ಲ ಎಂಬಾತ ಬರೆದದ್ದೂ ಇದೇ ಜಾಡಿನದು: ಬಾರ್ಲಿ ಹಿಟ್ಟಿಗೆ ಹಾಲು ಒಡೆದು ಉಳಿದ ನೀರು ಬೆರೆಸಿ ಕೊಡಿ. ಅದು ಸಿಗದ ಕಡೆ ಗೋಧಿ ರೊಟ್ಟಿಗೆ ಬೇಯಿಸಿದ ಕಾಳಿನ ಕಟ್ಟು ಹಾಕಿ, ಬಿಸಿಬಿಸಿ ಬೇಡ, ಉಗುರು ಬೆಚ್ಚಗಿರಲಿ.

ಇಬ್ಬರೂ ಧಾನ್ಯವನ್ನು ಒಂಟಿಯಾಗಿ ಬಿಟ್ಟಿಲ್ಲ. ಜೊತೆಗೆ ಹಾಲು ಇದೆ, ಇಲ್ಲವೇ ಕಾಳು ಇದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯಲ್ಲೂ ಇದೇ ಲೆಕ್ಕ. ಬೇಟೆಗೆ ಹೆಸರಾದ ಮುಧೋಳ ನಾಯಿ ಜೋಳ, ಮೆಕ್ಕೆಜೋಳದ ಜೊತೆ ಹಾಲು ಕುಡಿದು ಬೆಳೆದದ್ದು, ಅನುಕೂಲ ಇದ್ದವರ ಮನೆಯಲ್ಲಿ ಮೊಟ್ಟೆ.

ಕನ್ನಡ ನಾಡಿನಲ್ಲಿ ನಾಯಿಯ ಋಣವನ್ನು ಕಲ್ಲಿನಲ್ಲೇ ಕೆತ್ತಿಸಿದವರಿದ್ದಾರೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಸುಮಾರು ಕ್ರಿ.ಶ. 950ರದು. ಯುದ್ಧ ಗೆದ್ದು ಬಂದ ಮಣಲೇರ ಎಂಬ ವೀರನಿಗೆ ಏನು ಬೇಕು ಕೇಳು ಅಂತ ಗಂಗರ ಬೂತುಗ ಅಂದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯ ಜೊತೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತದೆ ಎಂಬ ಮಾತೂ ಅದರಲ್ಲಿದೆ.

ಅಂಗಡಿಗೆ ಬಂದ ಬಗೆ

ನಾಯಿಗೆಂದೇ ಆಹಾರ ಮಾಡಿ ಮಾರುವ ವ್ಯಾಪಾರ ಶುರುವಾದದ್ದು ಲಂಡನ್ನಿನಲ್ಲಿ. ಅಮೆರಿಕದ ಜೇಮ್ಸ್ ಸ್ಪ್ರ್ಯಾಟ್ ಎಂಬಾತ 1860ರ ಸುಮಾರಿಗೆ ಸಿಡಿಲು ತಡೆಯುವ ಕಂಬಿ ಮಾರಲು ಅಲ್ಲಿಗೆ ಹೋಗಿದ್ದ. ಹಡಗಿನವರು ಎಸೆದ ಗಟ್ಟಿ ಬಿಸ್ಕತ್ತನ್ನು ಬಂದರಿನ ನಾಯಿಗಳು ತಿನ್ನುವುದನ್ನು ಕಂಡು ಅವನಿಗೆ ಈ ವ್ಯಾಪಾರದ ಯೋಚನೆ ಹೊಳೆಯಿತು ಅಂತ ಹೇಳುತ್ತಾರೆ. ಗೋಧಿ, ಬೀಟ್‌ರೂಟ್, ತರಕಾರಿ, ಒಣಗಿಸಿದ ದನದ ಮಾಂಸ ಸೇರಿಸಿ ಬಿಸ್ಕತ್ತು ಮಾಡಿದ. ಬೇಟೆ ನಾಯಿ ಸಾಕಿದ ಶ್ರೀಮಂತರು ಕೊಂಡರು. ಅವನ ಕಂಪನಿಯಲ್ಲಿ ಕೆಲಸಕ್ಕಿದ್ದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ತನ್ನ ಹೆಸರಲ್ಲೇ ಶುರುಮಾಡಿದ ನಾಯಿಗಳ ಪ್ರದರ್ಶನ ಇವತ್ತಿಗೂ ನಡೆಯುತ್ತಿದೆ.

ಮೋಟಾರು, ಟ್ರ್ಯಾಕ್ಟರ್ ಬಂದ ಮೇಲೆ ಅಮೆರಿಕದಲ್ಲಿ ಕುದುರೆಗಳಿಗೆ ಕೆಲಸ ತಪ್ಪಿತು. 1922ರಲ್ಲಿ ಆ ಕುದುರೆಗಳ ಮಾಂಸವೇ ಡಬ್ಬಿಗೆ ತುಂಬಿ ನಾಯಿ ಆಹಾರವಾಯಿತು. ಎರಡನೇ ಮಹಾಯುದ್ಧ ಬಂದಾಗ ತಗಡು ಸಿಗಲಿಲ್ಲ, ಡಬ್ಬಿ ನಿಂತು ಒಣ ಆಹಾರ ಮೇಲೆ ಬಂತು. 1957ರಲ್ಲಿ ಹೊಸ ವಿಧಾನದ ಒಣ ಕಾಳುಗಳು ಮಾರುಕಟ್ಟೆಗೆ ಬಂದವು. ಹಿಟ್ಟನ್ನು ಬಿಸಿ ಮತ್ತು ಒತ್ತಡದಲ್ಲಿ ಯಂತ್ರದಿಂದ ಹೊರಗೆ ತಳ್ಳಿದಾಗ ಅದು ಮಂಡಕ್ಕಿಯ ಹಾಗೆ ಉಬ್ಬುತ್ತದೆ. ಇವತ್ತು ಅಂಗಡಿಯಲ್ಲಿ ಸಿಗುವ ಒಣ ಆಹಾರದ ಬಹುಪಾಲು ಇದೇ ಬಗೆಯದು.

ಹಾಗೆ ಉಬ್ಬಿದ ಕಾಳಿಗೆ ಅಷ್ಟೇನೂ ವಾಸನೆ ಇರುವುದಿಲ್ಲ. ಅದಕ್ಕೇ ಕೊನೆಯಲ್ಲಿ ಅದರ ಮೇಲೆ ಕೊಬ್ಬು ಮತ್ತು ಮಾಂಸದ ರಸ ಸಿಂಪಡಿಸುತ್ತಾರೆ. ನಾಯಿ ನಾಲಿಗೆಗಿಂತ ಮೊದಲು ಮೂಗಿನಿಂದ ರುಚಿ ನೋಡುವ ಪ್ರಾಣಿ. ನಿಮ್ಮ ಮರಿ ಮುದ್ದೆ ಬಿಟ್ಟು ಪ್ಯಾಕೆಟ್ ಕಡೆ ಓಡುವುದಕ್ಕೆ ಒಂದು ದೊಡ್ಡ ಕಾರಣ ಇದೇ. ಪ್ಯಾಕೆಟ್ ಒಳ್ಳೆಯದಿರಬಹುದು, ಕಳಪೆಯೂ ಇರಬಹುದು. ಆ ವಾಸನೆಯಿಂದ ಅದು ಗೊತ್ತಾಗುವುದಿಲ್ಲ.

ಹೊಟ್ಟೆ ತುಂಬಿತ್ತು, ಕಾಲು ಬಾಗಿತ್ತು

ನೂರು ವರ್ಷದ ಹಿಂದೆ ಇಂಗ್ಲೆಂಡಿನ ಪಟ್ಟಣಗಳಲ್ಲಿ ಬಡವರ ಮಕ್ಕಳ ಕಾಲು ಬಿಲ್ಲಿನಂತೆ ಬಾಗುತ್ತಿದ್ದವು. ಅದಕ್ಕೆ ರಿಕೆಟ್ಸ್ ಅಂತ ಹೆಸರು. ಕಾರಣ ಯಾರಿಗೂ ಖಚಿತವಿರಲಿಲ್ಲ. 1918-19ರ ಸುಮಾರಿಗೆ ಎಡ್ವರ್ಡ್ ಮೆಲನ್ಬಿ ಎಂಬ ವೈದ್ಯ ನಾಯಿಮರಿಗಳನ್ನು ಮನೆಯೊಳಗೇ ಇಟ್ಟು ಓಟ್ಸ್ ಗಂಜಿಯಂಥ ಆಹಾರ ಕೊಟ್ಟ. ಮರಿಗಳ ಹೊಟ್ಟೆ ತುಂಬಿತು, ಮೈ ಬೆಳೆಯಿತು, ಕಾಲು ಮಾತ್ರ ಬಾಗಿದವು. ಕಾಡ್ ಎಂಬ ಮೀನಿನ ಲಿವರ್ ಎಣ್ಣೆ ಕೊಟ್ಟಾಗ ರೋಗ ತಡೆಯಿತು. ಆ ಎಣ್ಣೆಯಲ್ಲಿದ್ದ ಅಂಶಕ್ಕೆ 1922ರಲ್ಲಿ ಅಮೆರಿಕದ ಮೆಕಾಲಂ ವಿಟಮಿನ್ ಡಿ ಅಂತ ಹೆಸರಿಟ್ಟ.

ನಮ್ಮ ಮಕ್ಕಳಿಗೆ ಬಿಸಿಲಿನಿಂದಲೂ ಈ ವಿಟಮಿನ್ ಸಿಗುತ್ತದೆ. ನಾಯಿಯ ಚರ್ಮಕ್ಕೆ ಬಿಸಿಲಿಂದ ಅದನ್ನು ಬೇಕಾದಷ್ಟು ಮಾಡಿಕೊಳ್ಳುವ ಶಕ್ತಿ ಇಲ್ಲ. ಅದಕ್ಕೆ ಊಟದಿಂದಲೇ ಬರಬೇಕು: ಮೊಟ್ಟೆ, ಮೀನು, ಸ್ವಲ್ಪ ಲಿವರ್. ಬರೀ ಅನ್ನ-ಹಾಲಿನಲ್ಲಿ ಬೆಳೆದ ಮರಿ ಅಂಗಳದಲ್ಲಿ ಎಷ್ಟು ಆಡಿದರೂ ಕಾಲು ಬಾಗಬಹುದು.

ತಿನ್ನದ ನಾಯಿ ಕಲಿಸಿದ ಪಾಠ

ಅದೇ ಕಾಲಕ್ಕೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳ ತಿಂದೇ ಬದುಕುತ್ತಿದ್ದ ಬಡ ಕೂಲಿಗಳಿಗೆ ಪೆಲಾಗ್ರ ಎಂಬ ರೋಗ ಬರುತ್ತಿತ್ತು. ಬಿಸಿಲು ಬಿದ್ದ ಕಡೆ ಚರ್ಮ ಸುಟ್ಟಂತಾಗಿ, ಭೇದಿ ಹತ್ತಿ, ಬುದ್ಧಿ ಕೆಟ್ಟು ಸಾಯುತ್ತಿದ್ದರು. ಸರ್ಕಾರಿ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಇದು ಅಂಟುರೋಗವಲ್ಲ, ಊಟದ ಕೊರತೆ ಅಂತ ಕಂಡುಹಿಡಿದಿದ್ದ. ಊಟದಲ್ಲಿ ಇಲ್ಲದ್ದು ಯಾವುದು ಅನ್ನೋದು ತಿಳಿದಿರಲಿಲ್ಲ.

1920ರ ದಶಕದಲ್ಲಿ ಅವನು ನಾಯಿಗಳಿಗೆ ಅದೇ ಬಡವರ ಊಟ ಕೊಟ್ಟು ನೋಡಿದ. ನಾಯಿಗಳಿಗೆ ಬಾಯಿ ಹುಣ್ಣಾಗಿ ನಾಲಿಗೆ ಕಪ್ಪಾಗುವ ರೋಗ ಬಂತು. ಅದು ಪೆಲಾಗ್ರದ ನಾಯಿ ರೂಪ. ಅದರ ಮೊದಲ ಲಕ್ಷಣ ಊಟ ಬಿಡುವುದು. ತಿನ್ನದ ನಾಯಿಗಳಿಗೆ ಹಸಿವು ಹುಟ್ಟಲಿ ಅಂತ ಬಿಯರ್ ತಯಾರಿಸುವಾಗ ಬಳಸುವ ಯೀಸ್ಟ್ ಕೊಟ್ಟರು. ಯೀಸ್ಟ್ ತಿಂದ ನಾಯಿಗಳಿಗೆ ರೋಗವೇ ಬರಲಿಲ್ಲ! ಹಸಿವಿಗೆ ಅಂತ ಕೊಟ್ಟದ್ದೇ ಔಷಧಿಯಾಗಿತ್ತು. 1927ರಲ್ಲಿ ಮಿಸಿಸಿಪಿ ನದಿಗೆ ಮಹಾಪೂರ ಬಂದಾಗ ಅದೇ ಯೀಸ್ಟನ್ನು ಜನರಿಗೆ ಹಂಚಿದರು. 1937ರಲ್ಲಿ ಕಾನ್ರಾಡ್ ಎಲ್ವೆಹಿಯಂ ನಿಕೋಟಿನಿಕ್ ಆಮ್ಲ, ಅಂದರೆ ನಯಾಸಿನ್ ಎಂಬ ಬಿ ವಿಟಮಿನ್ ಕೊಟ್ಟು ಕಪ್ಪು ನಾಲಿಗೆಯ ನಾಯಿಗಳನ್ನು ವಾಸಿ ಮಾಡಿದ.

ಈ ಕಥೆ ನಮ್ಮ ಪಕ್ಕಕ್ಕೂ ಬಂದಿದೆ. ಹೈದರಾಬಾದಿನ ಪೋಷಣೆ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ, ಜೋಳವನ್ನೇ ನಂಬಿದ ದಖ್ಖನ್ನಿನ ಬಡವರಲ್ಲೂ ಪೆಲಾಗ್ರ ಇದೆ ಅಂತ 1960ರಲ್ಲಿ ಬರೆದರು. ಅಲ್ಲಿ ಜೋಳದ ಆಹಾರ ಕೊಟ್ಟ ನಾಯಿಗಳಲ್ಲೂ ನಾಲಿಗೆ ಕಪ್ಪಾಯಿತು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಿರುವುದು ಕಾರಣ ಅಂತ ಅವರು ವಾದಿಸಿದರು. ಆ ಕಾರಣದ ಬಗ್ಗೆ ಆಮೇಲೆ ಚರ್ಚೆ ನಡೆದಿದೆ. ಆದರೆ ರೋಗ ಬಂದದ್ದು ಜೋಳದ ಜೊತೆ ಬೇಳೆ, ಹಾಲು, ಸೊಪ್ಪು ಸಿಗದ ಮನೆಗಳಿಗೆ. ಜೊತೆಗಿಷ್ಟು ಬೇಳೆ, ಮಜ್ಜಿಗೆ ಇದ್ದರೆ ಜೋಳದ ರೊಟ್ಟಿ ಗಟ್ಟಿ ಊಟವೇ.

ಊಟ ಬಿಟ್ಟದ್ದು ಹಟವೋ, ಕಾಯಿಲೆಯೋ

1978ರಲ್ಲಿ ನಾಯಿಮರಿಗಳಿಗೆ ಒಂದು ಹೊಸ ವೈರಸ್ ಬಂತು. ಎರಡೇ ವರ್ಷದಲ್ಲಿ ಪ್ರಪಂಚವೆಲ್ಲ ಹರಡಿತು. ಅದೇ ಪಾರ್ವೊ. ಇವತ್ತು ನಮ್ಮ ಹಳ್ಳಿಗಳಲ್ಲಿ ಮರಿಗಳನ್ನು ಕೊಲ್ಲುವ ದೊಡ್ಡ ರೋಗಗಳಲ್ಲಿ ಇದೊಂದು. ಮೊದಲು ಮರಿ ಮಂಕಾಗಿ ಊಟ ಬಿಡುತ್ತದೆ. ಆಮೇಲೆ ವಾಂತಿ, ಕೆಟ್ಟ ವಾಸನೆಯ ರಕ್ತ ಭೇದಿ. "ಇವತ್ತು ಯಾಕೋ ಹಟ ಮಾಡ್ತಿದೆ" ಅಂತ ಬಿಸ್ಕತ್ತು ಆಸೆ ತೋರಿಸುತ್ತ ಕೂತ ಒಂದು ದಿನದಲ್ಲೇ ಮರಿ ಕೈ ತಪ್ಪಬಹುದು. ಆರರಿಂದ ಎಂಟು ವಾರದ ಹೊತ್ತಿಗೆ ಮೊದಲ ಲಸಿಕೆ, ಆಮೇಲೆ ಡಾಕ್ಟ್ರು ಹೇಳಿದ ದಿನಕ್ಕೆ ಉಳಿದವು ಹಾಕಿಸಲೇಬೇಕು. ಜಂತುಹುಳು ಇದ್ದರೂ ಮರಿ ಸರಿಯಾಗಿ ತಿನ್ನದು, ತಿಂದದ್ದೂ ಮೈಗೆ ಹತ್ತದು.

ಪ್ಯಾಕೆಟ್ ಕಥೆಗೂ ಒಂದು ಕಪ್ಪು ಪುಟ ಇದೆ. 2007ರಲ್ಲಿ ಅಮೆರಿಕ, ಕೆನಡಾಗಳಲ್ಲಿ ನಾಯಿ ಬೆಕ್ಕುಗಳ ಮೂತ್ರಪಿಂಡ ಕೆಟ್ಟು ಸಾಯತೊಡಗಿದವು. ಹುಡುಕಿದಾಗ, ಚೀನಾದಿಂದ ತರಿಸಿದ ಗೋಧಿ ಪ್ರೋಟೀನಿನಲ್ಲಿ ಮೆಲಮೈನ್ ಎಂಬ ರಾಸಾಯನಿಕ ಸಿಕ್ಕಿತು. ಪರೀಕ್ಷೆಯಲ್ಲಿ ಪ್ರೋಟೀನ್ ಹೆಚ್ಚು ತೋರಿಸಲು ಬೆರೆಸಿದ್ದ ಕಲಬೆರಕೆ ಅದು. ಮರುವರ್ಷ ಅದೇ ಮೆಲಮೈನ್ ಚೀನಾದ ಮಕ್ಕಳ ಹಾಲಿನ ಪುಡಿಯಲ್ಲಿ ಸಿಕ್ಕಿತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಕೂಸುಗಳು ಸತ್ತವು. ಆ ಆಹಾರವನ್ನೂ ನಾಯಿಗಳು ಬಾಯಿ ಚಪ್ಪರಿಸಿಯೇ ತಿಂದಿದ್ದವು.

ಹಾಗಾದರೆ ಏನು ಹಾಕೋಣ?

ಮೊದಲು ಮರಿಯನ್ನು ನೋಡಿ. ಚುರುಕಾಗಿ ಆಡುತ್ತ, ಊಟ ಮಾತ್ರ ಆರಿಸಿ ತಿಂದರೆ ಅದು ರುಚಿಯ ಹಟ. ಮಂಕಾಗಿದ್ದರೆ, ವಾಂತಿ ಭೇದಿ ಇದ್ದರೆ ಆಹಾರ ಬದಲಿಸುವ ಮಾತು ಬಿಡಿ, ಅದೇ ದಿನ ಪಶು ಆಸ್ಪತ್ರೆಗೆ ಹೋಗಿ.

ಹಟದ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ, ಹೊತ್ತಿಗೆ ಸರಿಯಾಗಿ, ಸ್ವಲ್ಪ ಸ್ವಲ್ಪ ಇಡಿ. ಇಪ್ಪತ್ತು ನಿಮಿಷದಲ್ಲಿ ತಿನ್ನದಿದ್ದರೆ ಬಟ್ಟಲು ತೆಗೆದುಬಿಡಿ. ನಡುವೆ ಬಿಸ್ಕತ್ತು, ಬನ್ನು ಬೇಡ. ಆಹಾರ ಬದಲಿಸುವುದಿದ್ದರೆ ಒಂದು ವಾರ ತೆಗೆದುಕೊಳ್ಳಿ, ಹಳೆಯದಕ್ಕೆ ಹೊಸದನ್ನು ದಿನದಿನಕ್ಕೆ ಹೆಚ್ಚಿಸುತ್ತ ಬನ್ನಿ. ಉಗುರು ಬೆಚ್ಚಗಿದ್ದರೆ ವಾಸನೆ ಚೆನ್ನಾಗಿ ಏಳುತ್ತದೆ. ಕೊಲುಮೆಲ್ಲ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಮನೆ ಊಟವಾದರೆ ಮೆತ್ತಗಿನ ರಾಗಿ ಮುದ್ದೆ, ನೆನೆಸಿದ ರೊಟ್ಟಿ ಅಥವಾ ಅನ್ನಕ್ಕೆ ಬೇಯಿಸಿದ ಬೇಳೆ, ಮಜ್ಜಿಗೆ, ಬೇಯಿಸಿದ ಮೊಟ್ಟೆ. ಸಿಕ್ಕಾಗ ಮುಳ್ಳು ತೆಗೆದ ಮೀನು ಅಥವಾ ಕೋಳಿ. ಮಾಂಸ ತಿನ್ನದ ಮನೆಯವರು ಮರಿಗೆ ಏನು ಸೇರಿಸಬೇಕು ಅಂತ ಡಾಕ್ಟ್ರನ್ನು ಕೇಳಿಕೊಳ್ಳಿ. ಕೆಲವು ಮರಿಗಳಿಗೆ ಹಸಿ ಹಾಲಿಂದ ಭೇದಿ ಆಗುತ್ತದೆ, ಅವಕ್ಕೆ ಮಜ್ಜಿಗೆಯೇ ವಾಸಿ. ಸಾರು ಹಾಕುವಾಗ ಎಚ್ಚರ: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಕೆಟ್ಟದ್ದು. ದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಮೂಳೆ ಬೇಡವೇ ಬೇಡ. ಕ್ಯಾಲ್ಸಿಯಂ ಪುಡಿಯನ್ನೂ ಕೇಳದೆ ಸುರಿಯಬೇಡಿ, ಹೆಚ್ಚಾದರೆ ಅದೂ ಮೂಳೆ ಕೆಡಿಸುತ್ತದೆ.

ಪ್ಯಾಕೆಟ್ ಕೊಳ್ಳುವುದಾದರೆ ಮರಿಗಳಿಗೆ ಅಂತಲೇ ಮಾಡಿದ, ಪೂರ್ಣ ಆಹಾರ ಅಂತ ಬರೆದದ್ದನ್ನು ನೋಡಿ. ತಾರೀಖು ನೋಡಿ. ದೊಡ್ಡ ಚೀಲ ಬಿಚ್ಚಿ ಕೆ.ಜಿ. ಲೆಕ್ಕದಲ್ಲಿ ತೂಗಿ ಕೊಡುವುದನ್ನು ಬಿಡಿ, ಅದರಲ್ಲಿ ಏನಿದೆ, ಎಂದಿನದು ಅಂತ ತಿಳಿಯದು. ಪೂರ್ತಿ ಪ್ಯಾಕೆಟ್ ಕೊಳ್ಳಲು ಕೈಯಲ್ಲಿ ಆಗದಿದ್ದರೆ ಬೇಜಾರು ಬೇಡ. ರೊಟ್ಟಿಯ ಜೊತೆ ಒಂದು ಮೊಟ್ಟೆ, ಒಂದು ಸೌಟು ಬೇಳೆ ತಪ್ಪದೆ ಬಿದ್ದರೆ ಮೆಲನ್ಬಿಯ ಮರಿಗಳಿಗೆ ಸಿಗದಿದ್ದ ಎಷ್ಟೋ ಅಂಶ ನಿಮ್ಮ ಮರಿಗೆ ಸಿಕ್ಕಿತು. ಕಾಲು ನೆಟ್ಟಗಿದೆಯೇ, ಕೂದಲು ಹೊಳೆಯುತ್ತಿದೆಯೇ, ತೂಕ ವಾರವಾರಕ್ಕೆ ಏರುತ್ತಿದೆಯೇ ಅಂತ ನೋಡುತ್ತಿರಿ. ಲಸಿಕೆಗೆ ಹೋದಾಗ ಮರಿ ಏನು ತಿನ್ನುತ್ತಿದೆ ಅಂತಲೂ ಡಾಕ್ಟ್ರಿಗೆ ಹೇಳಿ.