ಫೆಲಿಪೆ ಕಾಲ್ಡೆರಾನ್ ಅವರ ಅಮೆರಿಕ ಕಾಂಗ್ರೆಸ್ ಭಾಷಣ (2010)

ಮೆಕ್ಸಿಕೊದ ಅಧ್ಯಕ್ಷರಾಗಿದ್ದ ಫೆಲಿಪೆ ಕಾಲ್ಡೆರಾನ್ 2010ರ ಮೇ 20ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕ ಕಾಂಗ್ರೆಸ್ಸಿನ ಉಭಯ ಸದನಗಳನ್ನು ಉದ್ದೇಶಿಸಿ ಮಾಡಿದ ಭಾಷಣ. ಹೊರದೇಶದ ನಾಯಕರು ಸ್ನೇಹ, ವ್ಯಾಪಾರಗಳ ಮಾತಾಡಿ ಚಪ್ಪಾಳೆ ಪಡೆದು ಹೋಗುವುದು ಆ ವೇದಿಕೆಯ ವಾಡಿಕೆ. ಕಾಲ್ಡೆರಾನ್ ಅಲ್ಲಿ ನಿಂತು ಅರಿಜೋನಾ ರಾಜ್ಯದ ವಲಸೆ ಕಾಯಿದೆ ತಪ್ಪು ಎಂದರು. ತಮ್ಮ ದೇಶದೊಳಕ್ಕೆ ಹರಿದುಬರುತ್ತಿರುವ ಬಂದೂಕುಗಳನ್ನು ತಡೆಯಿರಿ ಎಂದೂ ಕೇಳಿದರು.

ಎರಡು ದೇಶಗಳ ನಡುವಿನ ಗಡಿ ಸುಮಾರು 3,100 ಕಿ.ಮೀ. ಉದ್ದದ್ದು. 1846–48ರ ಯುದ್ಧದಲ್ಲಿ ಸೋತ ಮೆಕ್ಸಿಕೊ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದ ಮೂಲಕ ಕ್ಯಾಲಿಫೋರ್ನಿಯಾ ಸೇರಿದಂತೆ ವಿಶಾಲ ಭೂಭಾಗವನ್ನು ಬಿಟ್ಟುಕೊಟ್ಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊಲಗಳಿಗೆ ಆಳು ಸಾಲದೆ ಅಮೆರಿಕವೇ ಮೆಕ್ಸಿಕೊದ ಕೂಲಿಕಾರರನ್ನು ಒಪ್ಪಂದ ಮಾಡಿಕೊಂಡು ಕರೆಸಿತು. 1942ರಲ್ಲಿ ಶುರುವಾದ ಈ ‘ಬ್ರಸೇರೊ’ ಯೋಜನೆ 1964ರಲ್ಲಿ ನಿಂತಿತು. ಯೋಜನೆ ನಿಂತರೂ ಕೆಲಸ ನಿಲ್ಲಲಿಲ್ಲ, ಕೆಲಸಕ್ಕೆ ಬರುವವರೂ ನಿಲ್ಲಲಿಲ್ಲ. 1986ರ ಕಾಯಿದೆಯೊಂದು ಸುಮಾರು 27 ಲಕ್ಷ ಜನರ ವಾಸವನ್ನು ಸಕ್ರಮಗೊಳಿಸಿತಾದರೂ, ಮುಂದೆ ಬರುವವರಿಗೆ ಸಾಕಷ್ಟು ಕಾನೂನುಬದ್ಧ ದಾರಿಯನ್ನು ತೆರೆಯಲಿಲ್ಲ. 1994ರಲ್ಲಿ ಜಾರಿಗೆ ಬಂದ ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ ‘ನಾಫ್ತಾ’ ಸರಕಿಗೆ ಬಾಗಿಲು ತೆರೆದು ದುಡಿಯುವವರನ್ನು ಹೊರಗಿಟ್ಟಿತು. ಅದೇ ವರ್ಷ ಸ್ಯಾನ್ ಡಿಯಾಗೊ ಬಳಿ ಕಾವಲು ಬಿಗಿಯಾದಾಗ ಜನ ಅರಿಜೋನಾದ ಮರುಭೂಮಿಯ ಕಡೆ ತಿರುಗಿದರು. ಬಿಸಿಲಿಗೆ, ಬಾಯಾರಿಕೆಗೆ ಅಲ್ಲಿ ಸತ್ತವರು ಬಹಳ. ಅರಿಜೋನಾದಲ್ಲಿ ವಲಸೆಯ ವಿಚಾರ ಇಷ್ಟು ಉರಿಯಲು ಕಾರಣ ಇಲ್ಲಿದೆ.

ಕಾಲ್ಡೆರಾನ್‌ಗೆ ಮೊದಲು ಅಧ್ಯಕ್ಷರಾಗಿದ್ದ ವಿಸೆಂಟೆ ಫಾಕ್ಸ್ ಇದೇ ಕಾಂಗ್ರೆಸ್ಸಿನಲ್ಲಿ 2001ರ ಸೆಪ್ಟೆಂಬರ್ 6ರಂದು ಮಾತಾಡಿ, ವಲಸೆಯ ಕುರಿತು ಪರಸ್ಪರ ನಂಬಿಕೆಯ ಒಪ್ಪಂದಕ್ಕೆ ಬರೋಣ ಎಂದಿದ್ದರು. ಐದೇ ದಿನಗಳಲ್ಲಿ ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಮೇಲೆ ದಾಳಿ ನಡೆಯಿತು. ಅಲ್ಲಿಂದ ಮುಂದೆ ಗಡಿಯ ಮಾತೆಂದರೆ ಭದ್ರತೆಯ ಮಾತು ಎಂದಾಯಿತು.

ಅರಿಜೋನಾದ ಗವರ್ನರ್ ಜ್ಯಾನ್ ಬ್ರೂವರ್ 2010ರ ಏಪ್ರಿಲ್ 23ರಂದು ‘ಎಸ್‌ಬಿ 1070’ ಮಸೂದೆಗೆ ಸಹಿ ಹಾಕಿದರು. ಬೇರೆ ಕಾರಣಕ್ಕೆ ತಡೆದ ವ್ಯಕ್ತಿ ಅಕ್ರಮವಾಗಿ ದೇಶದಲ್ಲಿದ್ದಾನೆ ಎಂಬ ಸಕಾರಣ ಅನುಮಾನ ಬಂದರೆ ಪೊಲೀಸರು ಅವನ ವಲಸೆ ಸ್ಥಿತಿಯನ್ನು ಪರಿಶೀಲಿಸಬೇಕೆಂದು ಅದು ವಿಧಿಸಿತು. ವಿದೇಶಿಯರು ನೋಂದಣಿ ಪತ್ರಗಳನ್ನು ಜೊತೆಯಲ್ಲಿ ಇಟ್ಟುಕೊಳ್ಳದಿರುವುದು, ಪರವಾನಗಿಯಿಲ್ಲದೆ ಕೆಲಸ ಹುಡುಕುವುದು ರಾಜ್ಯದ ಕಾನೂನಿನಲ್ಲಿ ಅಪರಾಧವಾದವು.

ಸಹಿ ಬಿದ್ದು ಒಂದು ತಿಂಗಳೂ ಆಗಿರಲಿಲ್ಲ. ಬಹುಪಾಲು ಇಂಗ್ಲಿಷಿನಲ್ಲೇ ಮಾತಾಡಿದ ಕಾಲ್ಡೆರಾನ್, ಈ ಕಾಯಿದೆ ಜನರ ಮೈಬಣ್ಣ ನೋಡಿ ಅನುಮಾನಿಸುವುದಕ್ಕೆ ದಾರಿ ಮಾಡುತ್ತದೆ ಎಂದರು. ಡೆಮಾಕ್ರಟಿಕ್ ಪಕ್ಷದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ರಿಪಬ್ಲಿಕನ್ನರಲ್ಲಿ ಹೆಚ್ಚಿನವರು ಕೂತೇ ಇದ್ದರು. ಮೆಕ್ಸಿಕೊದ ಜನ ಊರು ಬಿಟ್ಟು ಹೋಗುವುದು ತಮಗೆ ಸಂತೋಷದ ಸಂಗತಿಯಲ್ಲ, ತಮ್ಮ ದೇಶದಲ್ಲೇ ಉದ್ಯೋಗ ಸಿಗುವಂತೆ ಮಾಡುತ್ತಿದ್ದೇವೆ ಎಂದೂ ಅವರು ಹೇಳಿದರು. ಕಾಲ್ಡೆರಾನ್ ಹುಟ್ಟಿದ ಮಿಚೊವಕಾನ್ ರಾಜ್ಯದಿಂದ ತಲೆಮಾರುಗಳಿಂದ ಜನ ಉತ್ತರಕ್ಕೆ ಹೋಗುತ್ತಲೇ ಇದ್ದಾರೆ. ಅರಿಜೋನಾದ ಗದ್ದಲದಲ್ಲಿ ಮುಚ್ಚಿಹೋದ, ಊರು ಬಿಡುವವರ ಕುರಿತ ಈ ಮಾತೇ ಭಾಷಣದಲ್ಲಿ ಹೆಚ್ಚು ತೂಕದ್ದು.

ಬಂದೂಕಿನ ವಿಷಯದಲ್ಲಿ ಅವರ ಬೇಡಿಕೆ ಸ್ಪಷ್ಟವಾಗಿತ್ತು. ಯುದ್ಧಮಾದರಿಯ ಬಂದೂಕುಗಳ ಮೇಲೆ ಅಮೆರಿಕ 1994ರಲ್ಲಿ ಹೇರಿದ್ದ ನಿಷೇಧ 2004ರಲ್ಲಿ ಅವಧಿ ಮುಗಿದು ಬಿದ್ದುಹೋಗಿತ್ತು. ಅದನ್ನು ಮತ್ತೆ ತನ್ನಿ ಎಂದರು. ಮೆಕ್ಸಿಕೊದಲ್ಲಿ ವಶಪಡಿಸಿಕೊಂಡು ಮೂಲ ಪತ್ತೆಯಾದ ಆಯುಧಗಳಲ್ಲಿ ಶೇ. 80ಕ್ಕಿಂತ ಹೆಚ್ಚು ಅಮೆರಿಕದಿಂದ ಬಂದವು ಎಂಬ ಅಂಕಿಯನ್ನೂ ಮುಂದಿಟ್ಟರು. ವಶಪಡಿಸಿಕೊಂಡ ಎಲ್ಲ ಆಯುಧಗಳಿಗೂ ಈ ಅಂಕಿ ಅನ್ವಯಿಸುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಅತಿಥಿಯಾಗಿ ಬಂದವರು ನಮ್ಮ ಕಾನೂನನ್ನು ನಮ್ಮ ಸದನದಲ್ಲೇ ಟೀಕಿಸುವುದು ಸರಿಯಲ್ಲ ಎಂದು ಸೆನೆಟರ್ ಜಾನ್ ಕಾರ್ನಿನ್ ಮುಂತಾದವರು ಆಕ್ಷೇಪಿಸಿದರು. ಮೆಕ್ಸಿಕೊ ತನ್ನ ನೆಲದಲ್ಲಿ ವಲಸಿಗರನ್ನು ಹೇಗೆ ನಡೆಸಿಕೊಳ್ಳುತ್ತಿದೆ ಎಂಬ ಪ್ರಶ್ನೆಯೂ ಎದ್ದಿತು. ಆ ಪ್ರಶ್ನೆ ನ್ಯಾಯವಾದದ್ದೇ. ಮೆಕ್ಸಿಕೊ ಹಾದುಹೋಗುವ ಮಧ್ಯ ಅಮೆರಿಕದವರ ಅಪಹರಣ, ಸುಲಿಗೆಗಳ ಬಗ್ಗೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಅದೇ ಏಪ್ರಿಲ್‌ನಲ್ಲಿ ವರದಿ ಹೊರಡಿಸಿತ್ತು. ಆಗಸ್ಟ್‌ನಲ್ಲಿ ತಮೌಲಿಪಾಸ್ ರಾಜ್ಯದ ಸ್ಯಾನ್ ಫರ್ನಾಂಡೊದಲ್ಲಿ 72 ವಲಸಿಗರ ಕೊಲೆಯಾಯಿತು. 2011ರಲ್ಲಿ ಮೆಕ್ಸಿಕೊ ಹೊಸ ವಲಸೆ ಕಾಯಿದೆ ಮಾಡಿತು.

ಭಾಷಣದಿಂದ ಗಡಿ ಸಡಿಲವಾಗಲಿಲ್ಲ. ಮೇ 25ರಂದು ಅಧ್ಯಕ್ಷ ಒಬಾಮಾ 1,200 ನ್ಯಾಷನಲ್ ಗಾರ್ಡ್ ಯೋಧರನ್ನು ಅಲ್ಲಿಗೆ ಕಳಿಸುವುದಾಗಿ ಪ್ರಕಟಿಸಿದರು. ಆಗಸ್ಟ್ 13ರಂದು ಗಡಿ ಕಾವಲಿಗೆ 60 ಕೋಟಿ ಡಾಲರ್ ಕೊಡುವ ಮಸೂದೆಗೆ ಸಹಿ ಹಾಕಿದರು. ಈ ವೆಚ್ಚ ತುಂಬಲು, ಕೆಲಸದ ವೀಸಾದ ಮೇಲೆ ಬಂದ ನೌಕರರೇ ಅರ್ಧಕ್ಕಿಂತ ಹೆಚ್ಚಿರುವ ಕಂಪನಿಗಳ ಎಚ್-1ಬಿ ಅರ್ಜಿಗೆ 2,000 ಡಾಲರ್, ಎಲ್-1 ಅರ್ಜಿಗೆ 2,250 ಡಾಲರ್ ಹೆಚ್ಚುವರಿ ಶುಲ್ಕ ಬಿತ್ತು. ಸೆನೆಟ್ ಚರ್ಚೆಯಲ್ಲಿ ಸೆನೆಟರ್ ಚಕ್ ಶೂಮರ್ ಬೆಂಗಳೂರಿನ ಇನ್ಫೋಸಿಸ್ ಹೆಸರನ್ನೇ ಎತ್ತಿ ಟೀಕಿಸಿದರು. ಮೆಕ್ಸಿಕೊ ಗಡಿ ಕಾವಲಿನ ಖರ್ಚಿನಲ್ಲಿ ಒಂದು ಪಾಲು ಹೀಗೆ ಕರ್ನಾಟಕದ ಉದ್ಯಮದ ಮೇಲೂ ಬಂತು.

ಅರಿಜೋನಾ ಕಾಯಿದೆಯ ಮುಖ್ಯ ಕಲಮುಗಳನ್ನು 2010ರ ಜುಲೈ 28ರಂದು ಕೆಳ ನ್ಯಾಯಾಲಯ ತಡೆಹಿಡಿಯಿತು. 2012ರ ಜೂನ್ 25ರಂದು ಸುಪ್ರೀಂ ಕೋರ್ಟ್ ಆ ನಾಲ್ಕು ಕಲಮುಗಳಲ್ಲಿ ಮೂರನ್ನು ರದ್ದುಮಾಡಿ, ಕಾಲ್ಡೆರಾನ್ ಮುಖ್ಯವಾಗಿ ವಿರೋಧಿಸಿದ್ದ ಪೊಲೀಸ್ ಪರಿಶೀಲನೆಯ ಕಲಮನ್ನು ಉಳಿಸಿತು. ಬಂದೂಕು ನಿಷೇಧ ಮರಳಲಿಲ್ಲ. ಅಮೆರಿಕದ ಬಂದೂಕು ತಯಾರಕರ ಮೇಲೆ ಮೆಕ್ಸಿಕೊ 2021ರಲ್ಲಿ ಹೂಡಿದ ದಾವೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2025ರ ಜೂನ್ 5ರಂದು ಒಮ್ಮತದಿಂದ ತಳ್ಳಿಹಾಕಿತು.