ಗುಮ್ಮಟದ ನೆರಳಲ್ಲೊಂದು ಮನೆ: ವಿಜಯಪುರ, ತಿಕೋಟಾ, ಬಬಲೇಶ್ವರದಲ್ಲಿ ಆಸ್ತಿ ಕೊಳ್ಳುವವರು ತಿಳಿದಿರಬೇಕಾದದ್ದು

ವಿಜಯಪುರದ ಹಳೆಯ ಊರಿನಲ್ಲಿ ಮನೆ ಕೊಳ್ಳುವವರು ಖರೀದಿ ಪತ್ರವನ್ನಷ್ಟೇ ಪರಿಶೀಲಿಸಿದರೆ ಸಾಲದು. ಸಮೀಪದ ಸ್ಮಾರಕ ಎಷ್ಟು ಮೀಟರ್ ದೂರದಲ್ಲಿದೆ ಎಂಬುದನ್ನೂ ಅಳೆದು ನೋಡಬೇಕು. ಜೀವಮಾನದ ಉಳಿತಾಯವನ್ನು ತೊಡಗಿಸಿ ಕೊಂಡ ಜಾಗದಲ್ಲಿ ಒಂದು ಕೋಣೆಯನ್ನೂ ಹೆಚ್ಚುವರಿಯಾಗಿ ಕಟ್ಟುವಂತಿಲ್ಲ ಎಂಬ ಸಂಗತಿ ನೋಂದಣಿಯ ನಂತರ ತಿಳಿದರೆ ಪ್ರಯೋಜನವಿಲ್ಲ.

ಕೋಟೆಯೊಳಗಿನ ಊರು

1490ರ ಸುಮಾರಿಗೆ ಸ್ವತಂತ್ರವಾದ ಆದಿಲಶಾಹಿ ರಾಜ್ಯದ ರಾಜಧಾನಿಯಾಗಿ ಬೆಳೆದ ಬಿಜಾಪುರ, 1686ರಲ್ಲಿ ಔರಂಗಜೇಬನ ವಶವಾಯಿತು. ಆ ಬಳಿಕ ಊರು ಬಹುಮಟ್ಟಿಗೆ ಪಾಳುಬಿದ್ದಿತು. ಬ್ರಿಟಿಷರು 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ಸ್ಥಳಾಂತರಿಸಿದಾಗ ಹಲವು ಹಳೆಯ ಮಹಲುಗಳೇ ಸರ್ಕಾರಿ ಕಚೇರಿ ಹಾಗೂ ಅಧಿಕಾರಿಗಳ ನಿವಾಸಗಳಾದವು. 2013ರಲ್ಲಿ ಮಹಾನಗರ ಪಾಲಿಕೆಯಾದ ಊರು, 2014ರ ನವೆಂಬರ್ 1ರಂದು ಅಧಿಕೃತವಾಗಿ ವಿಜಯಪುರ ಎಂಬ ಹೆಸರು ಪಡೆಯಿತು.

ಗೋಳಗುಮ್ಮಟ, ಜಾಮಿಯಾ ಮಸೀದಿ, ಬಾರಾ ಕಮಾನ್, ಅಸಾರ್ ಮಹಲ್, ಗಗನ ಮಹಲ್, ಮೆಹತರ್ ಮಹಲ್, ತಾಜ್ ಬಾವಡಿ, ಇಬ್ರಾಹಿಂ ರೋಜಾ ಮುಂತಾದ ಸ್ಮಾರಕಗಳು ಜನವಸತಿಯ ನಡುವೆ ಅಥವಾ ಅದಕ್ಕೆ ಹೊಂದಿಕೊಂಡಂತೆಯೇ ಇವೆ. ಇಲ್ಲಿ ಸ್ಮಾರಕ ಮತ್ತು ಮನೆ ಒಂದೇ ಓಣಿಯ ನೆರೆಹೊರೆ. ಕಾನೂನಿನ ತೊಡಕು ಹುಟ್ಟುವುದೂ ಇಲ್ಲಿಂದಲೇ.

ನೂರು ಮತ್ತು ಇನ್ನೂರು ಮೀಟರ್

1958ರ ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ರಾಷ್ಟ್ರೀಯ ಮಹತ್ವದ ಸ್ಮಾರಕದ ಸಂರಕ್ಷಿತ ಎಲ್ಲೆಯಿಂದ 100 ಮೀಟರ್‌ವರೆಗಿನ ಪ್ರದೇಶ ‘ನಿಷೇಧಿತ’, ಅದರಾಚೆಗಿನ 200 ಮೀಟರ್ ‘ನಿಯಂತ್ರಿತ’. ಅಳತೆ ಆರಂಭವಾಗುವುದು ಕಟ್ಟಡದ ಗೋಡೆಯಿಂದಲ್ಲ, ಸಂರಕ್ಷಿತ ಆವರಣದ ಎಲ್ಲೆಯಿಂದ ಎಂಬುದು ಮುಖ್ಯ.

ನಿಷೇಧಿತ ಪ್ರದೇಶದಲ್ಲಿ ಖಾಸಗಿಯವರು ಹೊಸ ಕಟ್ಟಡ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಅಥವಾ ಆನಂತರ ಪುರಾತತ್ವ ಇಲಾಖೆಯ ಮಹಾನಿರ್ದೇಶಕರ ಒಪ್ಪಿಗೆಯಿಂದ ಕಟ್ಟಿದ ಮನೆಗಳ ದುರಸ್ತಿ, ನವೀಕರಣಕ್ಕೆ ಮಾತ್ರ ಅರ್ಜಿ ಸಲ್ಲಿಸಬಹುದು. ಹಳೆಯದನ್ನು ಕೆಡವಿ ಮರಳಿ ಕಟ್ಟುವುದು ದುರಸ್ತಿ ಎನಿಸುವುದಿಲ್ಲ. ನಿಯಂತ್ರಿತ ಪ್ರದೇಶದಲ್ಲಿ ಹೊಸ ನಿರ್ಮಾಣಕ್ಕೆ ಅವಕಾಶ ಇದೆಯಾದರೂ ಪೂರ್ವಾನುಮತಿ ಕಡ್ಡಾಯ.

ಅರ್ಜಿಯನ್ನು ಸಕ್ಷಮ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ಅದು 15 ದಿನಗಳಲ್ಲಿ ಅರ್ಜಿಯನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು. ಪ್ರಾಧಿಕಾರ ಎರಡು ತಿಂಗಳಲ್ಲಿ ಶಿಫಾರಸು ತಿಳಿಸಬೇಕು. ಆ ಬಳಿಕ ಒಂದು ತಿಂಗಳಲ್ಲಿ ತೀರ್ಮಾನ ಹೊರಬೀಳಬೇಕು. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಪಾಲಿಕೆಯ ಕಟ್ಟಡ ಪರವಾನಗಿ ಈ ಅನುಮತಿಗೆ ಬದಲಿಯಲ್ಲ.

ಇಂಗ್ಲೆಂಡಿನ ಐತಿಹಾಸಿಕ ಹಳ್ಳಿಗಳಲ್ಲಿ ಪಟ್ಟಿಗೆ ಸೇರಿದ ಹಳೆಯ ಮನೆಯೇ ಸಂರಕ್ಷಿತ ಆಸ್ತಿ. ಮಾಲೀಕರು ಅದರಲ್ಲಿ ವಾಸಿಸಬಹುದು, ಮಾರಬಹುದು; ಆದರೆ ಅದರ ಸ್ವರೂಪ ಬದಲಿಸುವ ಕೆಲಸಕ್ಕೆ ಒಪ್ಪಿಗೆ ಬೇಕು. ನಮ್ಮಲ್ಲಿ ಕಾನೂನು ಸ್ಮಾರಕದ ಸುತ್ತ ವೃತ್ತ ಎಳೆಯುತ್ತದೆ. ಆ ವೃತ್ತದಾಚೆ ಇರುವ ಶತಮಾನ ದಾಟಿದ ಕಲ್ಲಿನ ವಾಡೆಗಳಿಗೆ ಸಾಮಾನ್ಯವಾಗಿ ಯಾವ ರಕ್ಷಣೆಯೂ ಇಲ್ಲ. ಅವುಗಳ ಉಳಿವು ಕೊಳ್ಳುವವರ ಅಭಿರುಚಿಯನ್ನೇ ಅವಲಂಬಿಸಿದೆ.

ತಿಕೋಟಾ, ಬಬಲೇಶ್ವರದ ಚಿತ್ರ

ವಿಜಯಪುರದಿಂದ ಪಶ್ಚಿಮಕ್ಕೆ ಅಥಣಿ ರಸ್ತೆಯಲ್ಲಿ ಸುಮಾರು 20 ಕಿ.ಮೀ. ದೂರದಲ್ಲಿದೆ ತಿಕೋಟಾ. 1565ರ ಯುದ್ಧಕ್ಕೆ ಹೆಸರಾದ ತಾಳಿಕೋಟೆ ಇದೇ ಜಿಲ್ಲೆಯ ಬೇರೊಂದು ಊರು. ಮಾರ್ಗಮಧ್ಯದ ತೊರವಿ, ಇಮ್ಮಡಿ ಇಬ್ರಾಹಿಂ ಆದಿಲಶಾಹನು ನವರಸಪುರ ಕಟ್ಟಲು ಆಯ್ದುಕೊಂಡ ನೆಲ. ಇಂದು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ನೆಲೆ. ಬಬಲೇಶ್ವರ ಜಮಖಂಡಿ ರಸ್ತೆಯಲ್ಲಿದೆ. ಎರಡೂ ಊರುಗಳು 2018ರಲ್ಲಿ ತಾಲ್ಲೂಕು ಕೇಂದ್ರಗಳಾದವು.

ತಿಕೋಟಾ ಭಾಗ ದ್ರಾಕ್ಷಿ ಮತ್ತು ಒಣದ್ರಾಕ್ಷಿಗೆ ಪ್ರಸಿದ್ಧ. ಬರಕ್ಕೆ ಹೆಸರಾಗಿದ್ದ ಈ ಸೀಮೆಗೆ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯ ಮೂಲಕ ಕೃಷ್ಣೆಯ ನೀರು ಹರಿದಿದೆ. ಹೊಲಕ್ಕೆ ನೀರು ಬಂದ ಕಡೆ ನಿವೇಶನದ ಬೇಡಿಕೆಯೂ ಹಿಂಬಾಲಿಸುವುದು ಸಹಜ. ಆದರೆ ಕೃಷಿ ಜಮೀನಿನ ತುಂಡನ್ನು ‘ಪ್ಲಾಟ್’ ಎಂದು ಕೊಳ್ಳುವವರು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಆಗಿದೆಯೇ, ಬಡಾವಣೆಯ ನಕ್ಷೆಗೆ ಮಂಜೂರಾತಿ ಇದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ನೋಡಲೇಬೇಕಾದ ಕಾಗದಗಳು

ನಗರದ ಹಳೆಯ ಭಾಗದಲ್ಲಿ ಸಿಟಿ ಸರ್ವೆ ಕಚೇರಿಯ ಸಿ.ಟಿ.ಎಸ್. ಉತಾರ ಮೂಲ ದಾಖಲೆ. ಅದರಲ್ಲಿನ ವಿಸ್ತೀರ್ಣ, ಚಕ್ಕಬಂದಿ ಹಾಗೂ ಹಕ್ಕುದಾರರ ಹೆಸರುಗಳು ಖರೀದಿ ಪತ್ರಕ್ಕೂ ಪಾಲಿಕೆಯ ಖಾತೆಗೂ ತಾಳೆಯಾಗಬೇಕು. ಹಳೆಯ ಮನೆಗಳಲ್ಲಿ ಅಜ್ಜನ ಹೆಸರೇ ಉಳಿದಿರುವುದುಂಟು. ಅಂಥಲ್ಲಿ ವಾರಸಾ ದಾಖಲಾಗಿ, ಹೆಣ್ಣುಮಕ್ಕಳೂ ಸೇರಿದಂತೆ ಎಲ್ಲ ವಾರಸುದಾರರು ಸಹಿ ಹಾಕದ ಹೊರತು ವ್ಯವಹಾರ ಸುರಕ್ಷಿತವಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ನೀಡಿದೆ.

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11 ಬೇಕು; ನಗರದಲ್ಲಿ ಇ-ಖಾತೆ ಬೇಕು. ಋಣಭಾರ ಪ್ರಮಾಣಪತ್ರ ‘ಕಾವೇರಿ’ ಜಾಲತಾಣದಲ್ಲಿ ಸಿಗುತ್ತದೆಯಾದರೂ ಅಲ್ಲಿನ ದಾಖಲೆಗಳು 2004ರಿಂದ ಈಚಿನವು. ಅದಕ್ಕೂ ಹಿಂದಿನ ಬೋಜಾ ತಿಳಿಯಲು ಉಪನೋಂದಣಾಧಿಕಾರಿ ಕಚೇರಿಯ ಹಳೆಯ ಪುಸ್ತಕಗಳನ್ನೇ ಶೋಧಿಸಬೇಕು.

ಜಮೀನಾದರೆ ಪಹಣಿಯ 11ನೇ ಕಾಲಂ ಅನ್ನು ತಪ್ಪದೆ ಓದಬೇಕು. ಸಾಲ, ತಡೆಯಾಜ್ಞೆ, ಇತರರ ಹಕ್ಕು ನಮೂದಾಗುವುದು ಅಲ್ಲಿಯೇ. 2024ರ ಅಕ್ಟೋಬರ್‌ನಲ್ಲಿ ತಿಕೋಟಾ ತಾಲ್ಲೂಕಿನ ಹೊನವಾಡ ಸೇರಿದಂತೆ ಜಿಲ್ಲೆಯ ಹಲವೆಡೆ ವಕ್ಫ್ ಆಸ್ತಿ ಕುರಿತ ವಿವಾದ ಎದ್ದಾಗ ಈ ಕಾಲಂ ರಾಜ್ಯದ ಗಮನ ಸೆಳೆಯಿತು. ಮರುತಿಂಗಳು ರೈತರಿಗೆ ನೀಡಿದ್ದ ನೋಟಿಸುಗಳನ್ನು ಹಿಂಪಡೆಯಲು ಸರ್ಕಾರ ಸೂಚಿಸಿತು. ವತನ, ಇನಾಂ ಮೂಲದ ಜಮೀನುಗಳಲ್ಲಿ ಮರುಮಂಜೂರಾತಿಯ ಷರತ್ತುಗಳನ್ನು ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯ್ದೆ ನಿಷೇಧಿಸುತ್ತದೆ.

ಖರ್ಚಿನ ಲೆಕ್ಕದಲ್ಲಿ ಮುದ್ರಾಂಕ ಶುಲ್ಕ, ಅದರ ಮೇಲಿನ ಉಪಕರಗಳ ಜೊತೆಗೆ ನೋಂದಣಿ ಶುಲ್ಕವೂ ಸೇರುತ್ತದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ.

ನೆಲ, ಗೋಡೆ, ಮಾಳಿಗೆ

ಈ ಭಾಗದ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ತಳಪಾಯ ಆಳವಿಲ್ಲದ ಮನೆಯ ಗೋಡೆಗಳು ಇದರಿಂದ ಸೀಳುತ್ತವೆ. ಹೊಸದಾಗಿ ಕಟ್ಟುವವರು ಎರೆಯನ್ನು ತೆಗೆದು ಗರಸು ತುಂಬಿಸುವುದು, ಗಟ್ಟಿ ನೆಲ ಸಿಗುವವರೆಗೆ ಅಗೆಯುವುದು ರೂಢಿ. 2021 ಮತ್ತು 2022ರಲ್ಲಿ ಜಿಲ್ಲೆಯಲ್ಲಿ ಲಘು ಭೂಕಂಪನಗಳು ಅನುಭವಕ್ಕೆ ಬಂದಿರುವುದರಿಂದ ಹಳೆಯ ಗೋಡೆಗಳನ್ನು ಎಂಜಿನಿಯರರಿಂದ ಪರೀಕ್ಷಿಸುವುದು ಒಳಿತು.

ಹಳೆಯ ಮಾಳಿಗೆ ಮನೆಗಳ ದಪ್ಪ ಗೋಡೆ ಮತ್ತು ಮಣ್ಣಿನ ಮೇಲ್ಮುದ್ದಿ ಬೇಸಿಗೆಯಲ್ಲಿ ಒಳಗನ್ನು ತಂಪಾಗಿಡುತ್ತವೆ. ಆದರೆ ಮಳೆಗಾಲಕ್ಕೆ ಮುನ್ನ ಪ್ರತಿವರ್ಷ ಮಾಳಿಗೆಯನ್ನು ಸರಿಪಡಿಸಬೇಕು. ತೊಲೆ, ಜಂತಿಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ತಟ್ಟಿ ನೋಡಬೇಕು. ಹಗೇವು ಇದ್ದ ಮನೆಗಳಲ್ಲಿ ಅದನ್ನು ಸರಿಯಾಗಿ ತುಂಬಿ ಮುಚ್ಚಲಾಗಿದೆಯೇ ಎಂಬುದನ್ನು ಕೇಳಿ ತಿಳಿಯಬೇಕು, ಇಲ್ಲವಾದರೆ ನೆಲ ಕುಸಿಯುವ ಅಪಾಯವಿದೆ. ನೀರಿನ ಬಗ್ಗೆ ಮಾರುವವರ ಮಾತಿಗಿಂತ ಏಪ್ರಿಲ್, ಮೇ ತಿಂಗಳಲ್ಲಿ ಓಣಿಯವರನ್ನು ವಿಚಾರಿಸಿದರೆ ನಿಜ ಗೊತ್ತಾಗುತ್ತದೆ.

ಮುಂಗಡಕ್ಕೆ ಮುನ್ನ

ಮುಂಗಡ ಹಣ ಕೊಡುವ ಮೊದಲೇ ಸ್ಮಾರಕದ ಎಲ್ಲೆಯಿಂದ ಆಸ್ತಿಗಿರುವ ದೂರವನ್ನು ಪುರಾತತ್ವ ಇಲಾಖೆಯಿಂದ ಲಿಖಿತವಾಗಿ ತಿಳಿಯುವುದು ಸೂಕ್ತ. ಕಟ್ಟಲು ಅನುಮತಿ ಸಿಗದಿದ್ದರೆ ಮುಂಗಡ ಮರಳಿಸಬೇಕೆಂಬ ಷರತ್ತನ್ನು ಕರಾರು ಪತ್ರದಲ್ಲಿ ಬರೆಸಬೇಕು. ಇದ್ದ ಮನೆಯಲ್ಲಿ ಇದ್ದಂತೆಯೇ ಬಾಳುವ ಮನಸ್ಸುಳ್ಳವರಿಗೆ ನೂರು ಮೀಟರ್ ಒಳಗಿನ ಹಳೆಯ ಮನೆಯೂ ತಕ್ಕದ್ದೇ; ಎದುರಿಗೆ ಎತ್ತರದ ಕಟ್ಟಡ ಎದ್ದು ಬೆಳಕು ಮರೆಯಾಗುವ ಭಯ ಅಲ್ಲಿ ಕಡಿಮೆ. ಮಕ್ಕಳು ಬೆಳೆದಂತೆ ಮೇಲೊಂದು ಅಂತಸ್ತು ಏರಿಸುವ ಆಸೆಯುಳ್ಳವರು ಮುನ್ನೂರು ಮೀಟರ್ ಆಚೆಯೇ ಹುಡುಕುವುದು ಕ್ಷೇಮ.