ಲೋಲಕದ ಹಕ್ಕುದಾರ: ಅಲೆಕ್ಸಾಂಡರ್ ಬೇನ್ ಮತ್ತು ವಿದ್ಯುತ್ ಗಡಿಯಾರ

ಸಾಮಾನ್ಯ ಲೋಲಕದ ಗಡಿಯಾರದಲ್ಲಿ ತೂಕದ ಅಥವಾ ಸ್ಪ್ರಿಂಗಿನ ಬಲವು ಹಲ್ಲುಚಕ್ರಗಳ ಮೂಲಕ ಲೋಲಕವನ್ನು ತಲುಪುತ್ತದೆ. ಅಲೆಕ್ಸಾಂಡರ್ ಬೇನ್ 1840ರ ದಶಕದಲ್ಲಿ ರೂಪಿಸಿದ ಗಡಿಯಾರದಲ್ಲಿ ಈ ಕ್ರಮ ತಿರುಗುಮುರುಗಾಯಿತು. ಅಲ್ಲಿ ಲೋಲಕದ ಗುಂಡೇ ತಂತಿಯ ಸುರುಳಿ. ಅದು ಅಯಸ್ಕಾಂತಗಳ ನಡುವೆ ತೂಗುವಾಗ, ಲೋಲಕವೇ ಸರಿಸುವ ಪುಟ್ಟ ಪಟ್ಟಿಯೊಂದು ವಿದ್ಯುತ್ತನ್ನು ಹರಿಸುತ್ತದೆ, ಮತ್ತೆ ಕಡಿಯುತ್ತದೆ. ಹೀಗೆ ನೂಕು ಪಡೆದ ಲೋಲಕವು ಚಕ್ರಗಳನ್ನು ನಡೆಸುತ್ತದೆ. ತೇವದ ಮಣ್ಣಿನಲ್ಲಿ ಹೂತ ಲೋಹದ ಫಲಕಗಳೇ ವಿದ್ಯುತ್ತಿನ ಮೂಲವಾದುದರಿಂದ ಕೀಲಿ ಕೊಡುವ ಅಗತ್ಯವಿರಲಿಲ್ಲ.

ಬೇನ್ ಸ್ಕಾಟ್ಲೆಂಡಿನ ಉತ್ತರದಂಚಿನ ಕೇತ್ನೆಸ್ ಪ್ರಾಂತದ ಸಣ್ಣ ಗೇಣಿದಾರನೊಬ್ಬನ ಮಗ. ವಿಕ್ ಪಟ್ಟಣದಲ್ಲಿ ಗಡಿಯಾರದ ಕೆಲಸ ಕಲಿತು 1837ರಲ್ಲಿ ಲಂಡನ್ನಿಗೆ ಬಂದನು. 1840ರಲ್ಲಿ ತನ್ನ ಮಾದರಿಗಳನ್ನು ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಚಾರ್ಲ್ಸ್ ವೀಟ್‌ಸ್ಟನ್‌ಗೆ ತೋರಿಸಿದನು. ಬೇನ್‌ನ ಹೇಳಿಕೆಯಂತೆ, ಅದನ್ನು ಮುಂದುವರಿಸುವುದು ವ್ಯರ್ಥವೆಂಬ ಸಲಹೆ ಅವನಿಗೆ ದೊರೆಯಿತು. ಆದರೂ ಅಕ್ಟೋಬರಿನಲ್ಲಿ ಅವನು ಗಡಿಯಾರ ತಯಾರಕ ಬಾರ್ವಿಸ್‌ನೊಂದಿಗೆ ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ನವೆಂಬರಿನಲ್ಲಿ ವೀಟ್‌ಸ್ಟನ್ ರಾಯಲ್ ಸೊಸೈಟಿಯೆದುರು ವಿದ್ಯುತ್ ಗಡಿಯಾರವನ್ನು ತನ್ನದೆಂದೇ ಮಂಡಿಸಿದನು. ಬೇನ್‌ಗೆ ಪೇಟೆಂಟ್ ದೊರೆತದ್ದು 1841ರ ಜನವರಿಯಲ್ಲಿ.

ವಿವಾದದ ಒಂದು ಪಕ್ಷಕ್ಕೆ ವಿದ್ವತ್ ಸಂಸ್ಥೆಯ ವೇದಿಕೆಯಿತ್ತು. ಇನ್ನೊಂದಕ್ಕೆ ಕೈಕಸುಬು ಮಾತ್ರ. ಬೇನ್‌ನ ಪರವಾಗಿ 1843ರಲ್ಲಿ ಪುಸ್ತಕ ಪ್ರಕಟಿಸಿದವನು ವಿಮಾಗಣಿತಜ್ಞ ಜಾನ್ ಫಿನ್ಲೇಸನ್. ಅವನೂ ಕೇತ್ನೆಸ್ಸಿನವನೇ. ಊರಿನವನ ವಕಾಲತ್ತಾದುದರಿಂದ ಆ ಪುಸ್ತಕವನ್ನು ಎಚ್ಚರದಿಂದ ಓದಬೇಕು. ಅರ್ಜಿಯ ದಿನಾಂಕಕ್ಕಾದರೋ ಯಾರ ಪಕ್ಷಪಾತದ ಸೋಂಕೂ ಇಲ್ಲ. ಮ್ಯೂನಿಕ್ಕಿನ ಸ್ಟೈನ್‌ಹೈಲ್ 1839ರಲ್ಲಿಯೇ ವಿದ್ಯುತ್ತಿನಿಂದ ಗಡಿಯಾರಗಳನ್ನು ನಡೆಸಿದ್ದನು. ಆದುದರಿಂದ ಇಲ್ಲಿನ ಪ್ರಶ್ನೆ ಜಗತ್ತಿನ ಮೊದಲಿಗ ಯಾರೆಂಬುದಲ್ಲ. ಲಂಡನ್ನಿನಲ್ಲಿ ಯಾರ ಶ್ರಮ ಯಾರ ಹೆಸರಿನಲ್ಲಿ ದಾಖಲಾಯಿತೆಂಬುದು.

1846ರಲ್ಲಿ ಟೆಲಿಗ್ರಾಫ್ ಕಂಪೆನಿಯ ಮಸೂದೆ ಸಂಸತ್ತಿಗೆ ಬಂದಾಗ ಮೇಲ್ಮನೆ ಬೇನ್‌ನ ಸಾಕ್ಷ್ಯವನ್ನು ಕೇಳಿತು. ಕಂಪೆನಿ ಅವನಿಗೆ ಪರಿಹಾರವನ್ನೂ ಹುದ್ದೆಯನ್ನೂ ಕೊಡಬೇಕಾಯಿತು. ಆದರೆ ಮನ್ನಣೆ ಕೊನೆಯವರೆಗಿನ ಜೀವನಾಧಾರವಾಗಲಿಲ್ಲ. ದಾವೆಗಳಲ್ಲಿ ಹಣ ಕರಗಿತು. 1873ರಲ್ಲಿ ವರ್ಷಕ್ಕೆ 80 ಪೌಂಡುಗಳ ಸರಕಾರಿ ಪಿಂಚಣಿ ಮಂಜೂರಾಯಿತು. 1877ರಲ್ಲಿ ಅವನು ತೀರಿಕೊಂಡನು.

ಸೊಸೈಟಿಯ ಕಲಾಪವನ್ನಷ್ಟೇ ನೆಚ್ಚಿದ್ದರೆ ಈ ಗಡಿಯಾರದ ಚರಿತ್ರೆಯಲ್ಲಿ ಬೇನ್‌ಗೆ ಸ್ಥಳವಿರುತ್ತಿರಲಿಲ್ಲ. ಅಂಚಿನಿಂದ ಬಂದವನ ಹಕ್ಕನ್ನು ಉಳಿಸಿದ್ದು ಒಂದು ಅರ್ಜಿ ಮತ್ತು ನೆರೆಯೂರಿನವನೊಬ್ಬ ಹೊಣೆಯೆಂದು ಬರೆದ ಪುಸ್ತಕ.